ಹಿರೋಶಿಮಾದ ನೆನಪು ಹೊತ್ತವರು

2025ರ ಮಾರ್ಚ್ ಕೊನೆಗೆ ಜಪಾನ್ ಸರ್ಕಾರ ಹಾಕಿದ ಲೆಕ್ಕದಲ್ಲಿ ಒಂದು ಸಂಖ್ಯೆ ಮೊದಲ ಸಲ ಲಕ್ಷದ ಕೆಳಗಿಳಿಯಿತು. ಹಿರೋಶಿಮಾ, ನಾಗಸಾಕಿಗಳ ಅಣುಬಾಂಬಿಗೆ ಸಿಕ್ಕಿ ಬದುಕುಳಿದವರೆಂದು ಸರ್ಕಾರ ಗುರುತಿಸಿದವರಲ್ಲಿ ಇನ್ನೂ ಜೀವಂತ ಇರುವವರ ಸಂಖ್ಯೆ ಅದು: 99,130. ಅವರ ಸರಾಸರಿ ವಯಸ್ಸು 86. ಜಪಾನಿನಲ್ಲಿ ಅವರನ್ನು ಹಿಬಾಕುಶಾ ಎನ್ನುತ್ತಾರೆ. ಅಂದು ಐದಾರು ವರ್ಷದ ಮಕ್ಕಳಾಗಿದ್ದವರೇ ಇಂದು ಎಂಬತ್ತೈದರ ಆಚೀಚೆ ಇದ್ದಾರೆ. ಆ ಬೆಳಗನ್ನು ಕಣ್ಣಾರೆ ಕಂಡು, ನೆನಪಿಟ್ಟುಕೊಂಡು, ಬಾಯಿಬಿಟ್ಟು ಹೇಳಬಲ್ಲವರು ಇನ್ನೆಷ್ಟು ಕಾಲ ನಮ್ಮೊಡನೆ ಇರುತ್ತಾರೆ? ಅವರ ನಂತರ ಆ ಊರಿನ ಕಲ್ಲು, ಗುಮ್ಮಟ, ಗಂಟೆಗಳು ಯಾರ ಬಾಯಿಂದ ಮಾತಾಡಬೇಕು? ಹಿರೋಶಿಮಾ ನಗರ ಈ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡು, 2012ರಲ್ಲಿ ಅದಕ್ಕೊಂದು ದಾರಿಯನ್ನೂ ಮಾಡಿಕೊಂಡಿತು. ಆ ದಾರಿ ನಮ್ಮ ಮಲೆನಾಡಿಗೂ ಬೇಕು ಎಂದು ನನಗೆ ಬಲವಾಗಿ ಅನ್ನಿಸಿದ್ದರಿಂದ ಈ ಬರಹ.

ನಾನು ಹೋದದ್ದು ಮೂಡಿಗೆರೆ ಕಡೆಯ ಗೋಣಿಬೀಡಿನಿಂದ. ಕಾಫಿ ಕೊಯ್ಲು ಮುಗಿದು, ಮೆಣಸು ಒಣಗಿ ಚೀಲ ಸೇರಿ, ಹೂಮಳೆಯೂ ಬಿದ್ದು ತೋಟದವರಿಗೆ ಸ್ವಲ್ಪ ಉಸಿರಾಡಲು ಸಿಗುವ ದಿನಗಳಲ್ಲಿ, ಒಸಾಕದಲ್ಲಿ ಕೆಲಸದಲ್ಲಿರುವ ಮಗಳ ಮನೆಗೆ. ಒಸಾಕದಿಂದ ಹಿರೋಶಿಮಾಕ್ಕೆ ಶಿಂಕಾನ್ಸೆನ್ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ಹಾದಿ. ಮಗಳು ಅಲ್ಲಿಯ ಸ್ವಯಂಸೇವಕ ಗೈಡ್ ಒಬ್ಬರನ್ನು ಮೊದಲೇ ಗೊತ್ತುಮಾಡಿದ್ದಳು. ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿ. ನಿಧಾನವಾದ, ಸ್ಪಷ್ಟವಾದ ಇಂಗ್ಲಿಷ್. ಎಲ್ಲಾದರೂ ತಡವರಿಸಿದರೆ ಮಗಳು ಜಪಾನಿಯಲ್ಲಿ ಕೇಳಿ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು.

ಹಿರೋಶಿಮಾ ನಮಗೆ ತೀರ ಹೊಸ ಹೆಸರೇನಲ್ಲ. ಶಾಲೆಯ ಪಾಠದಲ್ಲಿ ಓದಿದ್ದೇವೆ. ಮೂಡಿಗೆರೆಯ ಕಡೆಯವರಿಗಂತೂ ಜಪಾನ್ ಎಂದರೆ ತೇಜಸ್ವಿ ನೆನಪಾಗುತ್ತಾರೆ. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತಮ್ಮ ತೋಟದಲ್ಲಿ ಕೂತೇ ಜಪಾನಿನ ಕೃಷಿಕ ಫುಕುವೊಕಾ ಅವರ ಸಹಜ ಕೃಷಿಯನ್ನು ಕನ್ನಡದ ರೈತರ ಮನೆಗೆ ತಂದರು. ಮಿಲೇನಿಯಂ ಸರಣಿಯ ‘ಮಹಾಯುದ್ಧ’ ಪುಸ್ತಕಗಳಿಂದ ಎರಡನೇ ಮಹಾಯುದ್ಧವನ್ನು ನಮ್ಮ ಹೈಸ್ಕೂಲ್ ಹುಡುಗರ ಕೈಗಿಟ್ಟರು. ಆದರೂ ಓದಿದ್ದು ಬೇರೆ, ಆ ನೆಲದ ಮೇಲೆ ನಿಂತು ಅಲ್ಲಿಯವರ ಬಾಯಿಂದ ಕೇಳುವುದು ಬೇರೆ.

ಗೈಡ್ ನಮ್ಮನ್ನು ಮೊದಲು ಕರೆದೊಯ್ದದ್ದು ಮೊತೊಯಾಸು ನದಿಯ ದಂಡೆಗೆ. ಅಲ್ಲೇ ದಡದಲ್ಲಿ ಲೋಕವೆಲ್ಲ ಚಿತ್ರದಲ್ಲಿ ಕಂಡ ಗುಮ್ಮಟ. 1915ರಲ್ಲಿ ಯಾನ್ ಲೆಟ್ಜೆಲ್ ಎಂಬ ಚೆಕ್ ವಾಸ್ತುಶಿಲ್ಪಿ ಕಟ್ಟಿದ ಕಟ್ಟಡ ಅದು. ಆ ಪ್ರಾಂತ್ಯದ ಉತ್ಪನ್ನಗಳನ್ನು ಪ್ರದರ್ಶಿಸಿ ಮಾರಲು ಮಾಡಿದ್ದು. 1945ರ ಆಗಸ್ಟ್ 6, ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಅಮೆರಿಕದ ವಿಮಾನ ಬೀಳಿಸಿದ ಯುರೇನಿಯಂ ಬಾಂಬು ನೆಲಕ್ಕೆ ಬೀಳುವ ಮೊದಲೇ, ಸುಮಾರು 600 ಮೀಟರ್ ಎತ್ತರದಲ್ಲಿ ಸಿಡಿಯಿತು. ವಿಮಾನದವರು ಗುರಿಯಿಟ್ಟದ್ದು ಮೇಲಿನಿಂದ ಇಂಗ್ಲಿಷಿನ ‘ಟಿ’ ಅಕ್ಷರದಂತೆ ಕಾಣುವ ಅಯೋಯಿ ಸೇತುವೆಗೆ. ಸಿಡಿದದ್ದು ಅಲ್ಲಿಂದ ಸ್ವಲ್ಪ ಪಕ್ಕಕ್ಕೆ, ಒಂದು ಆಸ್ಪತ್ರೆಯ ಮೇಲೆ. ಗುಮ್ಮಟದ ಕಟ್ಟಡ ಅಲ್ಲಿಂದ ಬರೀ 160 ಮೀಟರ್. ಅಷ್ಟು ಹತ್ತಿರವಿದ್ದುದು ಹೇಗೆ ಉಳಿಯಿತು ಎಂದು ಯಾರಿಗಾದರೂ ಕೇಳಬೇಕೆನಿಸುತ್ತದೆ. ಹತ್ತಿರವಿದ್ದುದರಿಂದಲೇ ಉಳಿಯಿತು. ಒತ್ತಡ ಹೆಚ್ಚುಕಡಿಮೆ ನೆತ್ತಿಯ ಮೇಲಿನಿಂದಲೇ ನೇರ ಇಳಿದದ್ದರಿಂದ ಗೋಡೆಗಳ ಒಂದು ಭಾಗ ಲಂಬವಾಗಿ ನಿಂತುಬಿಟ್ಟಿತು. ಗುಮ್ಮಟದ ತಾಮ್ರದ ಹೊದಿಕೆ ಕರಗಿ, ಕಬ್ಬಿಣದ ಎಲುಬು ಮಾತ್ರ ಉಳಿಯಿತು. ಒಳಗಿದ್ದವರಲ್ಲಿ ಒಬ್ಬರೂ ಬದುಕಲಿಲ್ಲ. ಆ ವರ್ಷ ಮುಗಿಯುವುದರೊಳಗೆ ನಗರದಲ್ಲಿ ಸತ್ತವರು ಸುಮಾರು 1,40,000 ಎಂಬುದು ನಗರಾಡಳಿತದ ಅಂದಾಜು.

ಯುದ್ಧ ಮುಗಿದ ಮೇಲೆ ಈ ಅವಶೇಷವನ್ನು ಕೆಡವಬೇಕೆಂದವರು ಹಿರೋಶಿಮಾದವರೇ. ದಿನವೂ ಅದನ್ನು ನೋಡಿಕೊಂಡು ಬದುಕುವುದು ಆಗದ ಮಾತು ಎಂದರು. ಉಳಿಸಬೇಕೆಂಬ ಕೂಗಿಗೆ ಬಲ ಬಂದದ್ದು ಒಬ್ಬ ಹುಡುಗಿಯ ದಿನಚರಿಯಿಂದ. ಕಾಜಿಯಾಮಾ ಹಿರೋಕೋ ಒಂದು ವರ್ಷದ ಕೂಸಾಗಿದ್ದಾಗ ವಿಕಿರಣಕ್ಕೆ ಸಿಕ್ಕಿ, 1960ರಲ್ಲಿ, 16ನೇ ವಯಸ್ಸಿಗೆ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. ಆ ಭೀಕರ ಬಾಂಬಿನ ವಿಷಯವನ್ನು ಮುಂದಿನವರಿಗೆ ಹೇಳಲು ಈ ಕಟ್ಟಡವಾದರೂ ಉಳಿಯಬೇಡವೇ ಎಂಬ ಅರ್ಥದ ಮಾತನ್ನು ಅವಳು ಬರೆದಿಟ್ಟಿದ್ದಳು. ಅದನ್ನು ಓದಿದ ಮಕ್ಕಳು ಬೀದಿಗಿಳಿದು ಸಹಿ ಸಂಗ್ರಹಿಸಿದರು. 1966ರಲ್ಲಿ ನಗರಸಭೆ ಶಾಶ್ವತವಾಗಿ ಉಳಿಸುವ ನಿರ್ಣಯ ಮಾಡಿತು. ಮರುವರ್ಷ ಜನರ ದೇಣಿಗೆಯ ಹಣದಿಂದ ಮೊದಲ ದುರಸ್ತಿ ಆಯಿತು. ದುರಸ್ತಿ ಎಂದರೆ ಬಿದ್ದುದನ್ನು ಮತ್ತೆ ಕಟ್ಟುವುದಲ್ಲ, ಬಿರುಕಿಗೆ ಅಂಟು ತುಂಬಿ ಇದ್ದ ಸ್ಥಿತಿಯಲ್ಲೇ ನಿಲ್ಲಿಸುವುದು. 1996ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಸೇತುವೆ ದಾಟಿ ಉದ್ಯಾನಕ್ಕೆ ಬಂದಾಗ ನಮ್ಮ ಗೈಡ್ ಹೇಳಿದ ಒಂದು ಮಾತನ್ನು ಮರೆಯಲಾರೆ. “ಸದ್ಯ, ಬಾಂಬು ಪಾರ್ಕಿನ ಮೇಲೆ ಬಿತ್ತಲ್ಲ ಎಂದು ಕೆಲವರು ನನಗೆ ಹೇಳುತ್ತಾರೆ. ಇಲ್ಲಿ ಪಾರ್ಕ್ ಇರಲಿಲ್ಲ. ಇದು ನಾಕಾಜಿಮಾ. ಅಂಗಡಿ, ಹೋಟೆಲ್, ಸಿನಿಮಾ ಮಂದಿರ, ದೇವಸ್ಥಾನ ಎಲ್ಲ ಇದ್ದ ಊರು.” ನಡೆಯುತ್ತಿದ್ದ ನನ್ನ ಕಾಲು ಅಲ್ಲೇ ನಿಂತಿತು. ಈಗ ಸುಮಾರು 30 ಎಕರೆ ಹುಲ್ಲು, ಮರ, ಹೂವು. ಕೆಳಗೆ ಮಣ್ಣಿನೊಳಗೆ ಆ ಊರು. 2022ರಲ್ಲಿ ತೆರೆದ ಒಂದು ಚಿಕ್ಕ ಪ್ರದರ್ಶನ ಗೃಹದಲ್ಲಿ, ಅಗೆದು ತೆಗೆದ ಮನೆಯೊಂದರ ಸುಟ್ಟ ನೆಲವನ್ನೂ ಬೀದಿಯ ಗುರುತನ್ನೂ ಅಲ್ಲಿಯೇ ಉಳಿಸಿ ತೋರಿಸುತ್ತಾರೆ. ಹೇಳುವವರು ಇಲ್ಲದಿದ್ದರೆ ನಾನು ಅದನ್ನು ದಾಟಿಕೊಂಡು ಹೋಗುತ್ತಿದ್ದೆ.

ಪಕ್ಕದ ವಿಶ್ರಾಂತಿ ಗೃಹ ಆಗಿನ ಊರಿನಲ್ಲಿ ಉಳಿದ ಒಂದೇ ಕಟ್ಟಡ. 1929ರಲ್ಲಿ ಬಟ್ಟೆಯಂಗಡಿಯಾಗಿ ಕಟ್ಟಿದ್ದು, ಯುದ್ಧಕಾಲದಲ್ಲಿ ಇಂಧನ ಹಂಚುವ ಕಚೇರಿ. ಅಂದು ಬೆಳಿಗ್ಗೆ ನೊಮುರಾ ಎಯ್ಜೊ ಎಂಬ ನೌಕರ ಒಂದು ಕಾಗದ ತರಲು ನೆಲಮಾಳಿಗೆಗೆ ಇಳಿದಿದ್ದರು. ಬಾಂಬು ಸಿಡಿದ ಬಿಂದುವಿನಿಂದ 170 ಮೀಟರ್ ದೂರದಲ್ಲಿದ್ದು ಅವರು ಬದುಕಿದರು. 1982ರವರೆಗೆ ಬಾಳಿದರು. ಮೇಲಿದ್ದ ಸಹೋದ್ಯೋಗಿಗಳು ಉಳಿಯಲಿಲ್ಲ.

ಉದ್ಯಾನದ ನಡುವೆ ಕೆಂಜೊ ಟಾಂಗೆ ರೂಪಿಸಿದ ಸ್ಮಾರಕ. 1952ರ ಆಗಸ್ಟ್ 6ರಂದು ಅನಾವರಣವಾದ ಬಾಗಿದ ಕಮಾನು. ಅದರ ಎದುರು ನಿಂತು ನೋಡಿದರೆ, ಕಮಾನಿನೊಳಗೆ ಶಾಂತಿಜ್ಯೋತಿಯೂ ಅದರಾಚೆಗೆ ಗುಮ್ಮಟವೂ ಒಂದೇ ಸಾಲಿನಲ್ಲಿ ಕಾಣುತ್ತವೆ. ಬೆನ್ನ ಹಿಂದಿನ ವಸ್ತುಸಂಗ್ರಹಾಲಯವೂ ಅದೇ ಸಾಲಿನಲ್ಲಿ. ಟಾಂಗೆ ಇದನ್ನು ಬೇಕೆಂದೇ ಹಾಗೆ ಜೋಡಿಸಿದರು. ಜ್ಯೋತಿ 1964ರಿಂದ ಉರಿಯುತ್ತಿದೆ. ಲೋಕದ ಕೊನೆಯ ಅಣ್ವಸ್ತ್ರ ಇಲ್ಲವಾಗುವ ತನಕ ಆರಿಸುವುದಿಲ್ಲ ಎಂಬುದು ಸಂಕಲ್ಪ.

ಕಮಾನಿನ ಕೆಳಗೆ ಕಲ್ಲಿನ ಪೆಟ್ಟಿಗೆ, ಅದರೊಳಗೆ ಸತ್ತವರ ಹೆಸರುಗಳ ಪುಸ್ತಕಗಳು. ನೂರಕ್ಕೂ ಹೆಚ್ಚು ಸಂಪುಟ. ವರ್ಷವರ್ಷವೂ ತೀರಿಕೊಂಡ ಹಿಬಾಕುಶಾಗಳ ಹೆಸರು ಸೇರುತ್ತ ಸೇರುತ್ತ ಈಗ ಮೂರೂವರೆ ಲಕ್ಷದ ಹತ್ತಿರ ಬಂದಿದೆ. ಹೆಸರೇ ಗೊತ್ತಿಲ್ಲದೆ ಹೋದವರಿಗೆಂದು ಬೇರೆಯೇ ಒಂದು ಸಂಪುಟ ಇದೆ. ಪ್ರತಿ ಮೇ ತಿಂಗಳಲ್ಲಿ, ಅಲ್ಲಿಯ ಮಳೆಗಾಲ ಹಿಡಿಯುವ ಮೊದಲು, ನಗರದ ನೌಕರರು 8 ಗಂಟೆ 15 ನಿಮಿಷಕ್ಕೆ ಮೌನವಾಗಿ ನಮಿಸಿ, ಆ ಪುಸ್ತಕಗಳನ್ನು ಹೊರತೆಗೆದು ಬಿಳಿಬಟ್ಟೆಯ ಮೇಲೆ ಹರಡಿ, ಪುಟ ಪುಟ ತಿರುವಿ ಗಾಳಿಗೆ ಒಡ್ಡುತ್ತಾರೆ. ಮೃಗಶಿರಾ ಹೊಡೆಯುವ ಮೊದಲು ದಪ್ತರ, ಹಾಸಿಗೆ, ಬಟ್ಟೆ ಎಲ್ಲವನ್ನೂ ಅಂಗಳದ ಬಿಸಿಲಿಗೆ ಹಾಕುವ ಮಲೆನಾಡಿನವರಿಗೆ ಈ ಕೆಲಸದ ಮರ್ಯಾದೆಯನ್ನು ಬಿಡಿಸಿ ಹೇಳಬೇಕಿಲ್ಲ. ಬೂಸಲು ಹಿಡಿಯದಂತೆ ಹೆಸರುಗಳನ್ನು ಕಾಯುತ್ತಾರೆ.

ಪೆಟ್ಟಿಗೆಯ ಮೇಲಿನ ಬರಹದ ಬಗ್ಗೆ ಹಿಂದೆ ದೊಡ್ಡ ವಾದ ನಡೆದಿದೆ. ಶಾಂತವಾಗಿ ಮಲಗಿ, ಆ ತಪ್ಪು ಮರುಕಳಿಸದು ಎಂಬುದು ಅದರ ಸಾರ. 1952ರಲ್ಲಿ ಅಲ್ಲಿಗೆ ಬಂದ ಭಾರತದ ನ್ಯಾಯಾಧೀಶ ರಾಧಾಬಿನೋದ್ ಪಾಲ್, ಬಾಂಬು ಹಾಕಿದವರು ಜಪಾನಿಯರಲ್ಲ, ಮತ್ತೆ ಈ ತಪ್ಪೊಪ್ಪಿಗೆ ಯಾರದು ಎಂದು ಆಕ್ಷೇಪಿಸಿದರು. ಇಡೀ ಮನುಕುಲದ ಪರವಾಗಿ ಆಡಿದ ಮಾತು ಅದು ಎಂಬುದು ನಗರದ ನಿಲುವು. ನಮ್ಮ ಗೈಡ್ ಎರಡೂ ಪಕ್ಷ ಹೇಳಿ, ತಮ್ಮ ಅಭಿಪ್ರಾಯವನ್ನು ಬಾಯಲ್ಲಿ ಹೇಳದೆ ನಮ್ಮನ್ನು ಕೊರಿಯನ್ನರ ಸ್ಮಾರಕಕ್ಕೆ ಕರೆದುಕೊಂಡು ಹೋದರು. ಜಪಾನ್ ಆಗ ಕೊರಿಯಾವನ್ನು ಆಳುತ್ತಿತ್ತು. ಸಾವಿರಾರು ಕೊರಿಯನ್ನರು, ದುಡಿಮೆಗೆಂದು ಬಲವಂತದಿಂದ ಕರೆತಂದವರೂ ಸೇರಿ, ಹಿರೋಶಿಮಾದಲ್ಲಿ ಸತ್ತರು. 1970ರಲ್ಲಿ ಕಟ್ಟಿದ ಅವರ ಸ್ಮಾರಕ ಉದ್ಯಾನದ ಹೊರಗೇ ಇತ್ತು. ಒಳಗೆ ಜಾಗ ಸಿಕ್ಕಿದ್ದು 1999ರಲ್ಲಿ. “ಹಿರೋಶಿಮಾ ಸೈನ್ಯದ ಊರು. ಇಲ್ಲಿಯ ಬಂದರಿನಿಂದಲೇ ನಮ್ಮ ಸೈನಿಕರು ಚೀನಾಕ್ಕೆ, ಆಗ್ನೇಯ ಏಷ್ಯಾಕ್ಕೆ ಹೋದರು. ಅದನ್ನು ಹೇಳದೆ ಆಗಸ್ಟ್ 6 ಒಂದನ್ನೇ ಹೇಳಿದರೆ ನಾನು ಅರ್ಧ ಹೇಳಿದಂತೆ” ಎಂದರು. ತನ್ನ ಊರಿನ ನೋವನ್ನು ಹೇಳುವ ಗೈಡ್ ಎಲ್ಲಿಯಾದರೂ ಸಿಗಬಹುದು. ತನ್ನ ಊರಿನ ತಪ್ಪನ್ನೂ ಅಷ್ಟೇ ನಿಚ್ಚಳವಾಗಿ ಹೇಳುವವರು ಅಪರೂಪ. ಶಾಂತಿಸ್ಮಾರಕ ಎಂಬ ಹೆಸರಿಗೆ ಅರ್ಹತೆ ಬರುವುದು ಅಂಥವರಿಂದ ಎಂದು ನಾನು ನಂಬುತ್ತೇನೆ.

ಮಕ್ಕಳ ಸ್ಮಾರಕದ ಬಳಿ ಬಣ್ಣಬಣ್ಣದ ಕಾಗದದ ಕೊಕ್ಕರೆಗಳ ಸರಗಳು. ಸಾಸಾಕಿ ಸಡಾಕೋ ಬಾಂಬು ಸಿಡಿದಾಗ ಎರಡು ವರ್ಷದವಳು. ಗಾಯವೇ ಆಗದೆ ಬೆಳೆದು, ಶಾಲೆಯ ಓಟದಲ್ಲಿ ಮುಂದಿದ್ದವಳು. 1955ರಲ್ಲಿ ರಕ್ತದ ಕ್ಯಾನ್ಸರ್ ಕಾಣಿಸಿಕೊಂಡಿತು. ಸಾವಿರ ಕೊಕ್ಕರೆ ಮಡಿಸಿದರೆ ಬೇಡಿದ್ದು ಕೈಗೂಡುತ್ತದೆಂಬ ನಂಬಿಕೆಯಿಂದ, ಔಷಧಿ ಸುತ್ತಿದ ಕಾಗದವನ್ನೂ ಬಿಡದೆ ಮಡಿಸುತ್ತ ಆ ಅಕ್ಟೋಬರ್ 25ರಂದು, 12ನೇ ವಯಸ್ಸಿಗೆ ತೀರಿಕೊಂಡಳು. ಈ ಕಥೆ ಎಲ್ಲರಿಗೂ ಗೊತ್ತು. ಅವಳ ತರಗತಿಯ ಮಕ್ಕಳು ಆಮೇಲೆ ಏನು ಮಾಡಿದರೆಂಬುದು ಅಷ್ಟಾಗಿ ಗೊತ್ತಿಲ್ಲ. ದೇಶದ ಶಾಲಾ ಮುಖ್ಯೋಪಾಧ್ಯಾಯರ ಸಭೆ ಹಿರೋಶಿಮಾದಲ್ಲಿ ನಡೆದಾಗ ಬಾಗಿಲಲ್ಲಿ ನಿಂತು ಕರಪತ್ರ ಹಂಚಿದರು. ಜಪಾನಿನ ಮೂರು ಸಾವಿರಕ್ಕೂ ಹೆಚ್ಚು ಶಾಲೆಗಳಿಂದ, ಒಂಬತ್ತು ಬೇರೆ ದೇಶಗಳಿಂದ ನೆರವು ಬಂತು. 1958ರ ಮೇ 5ರಂದು, ಜಪಾನಿನ ಮಕ್ಕಳ ದಿನದಂದೇ, ಸ್ಮಾರಕ ಎದ್ದು ನಿಂತಿತು. ಅದರೊಳಗಿನ ಗಂಟೆಯನ್ನು ಕೊಟ್ಟವರು ನೊಬೆಲ್ ಪಡೆದ ಭೌತವಿಜ್ಞಾನಿ ಯುಕಾವಾ ಹಿಡೆಕಿ.

ಅಲ್ಲಿಯ ಬೆಂಚಿನ ಮೇಲೆ ಕೂತಾಗ ಗೈಡ್ ನನ್ನ ಊರನ್ನು ಕೇಳಿದರು. ಕಾಫಿ ಬೆಳೆಯುವ ಬೆಟ್ಟ, ವಿಪರೀತ ಮಳೆ, ಈಚೆಗೆ ಕಾಡಾನೆಯ ಕಾಟ, ಸಂಜೆಯಾದರೆ ಎಸ್ಟೇಟ್ ರಸ್ತೆಯಲ್ಲಿ ಓಡಾಡಲು ಭಯ ಎಂದೆ. ಆನೆ ಎಂದೊಡನೆ ಅವರ ಮುಖ ಅರಳಿತು. “ಇಂದಿರಾ ನಿಮ್ಮ ಕಡೆಯವಳೇ?”

ಹೌದು, ನಮ್ಮ ಕಡೆಯವಳೇ. ಯುದ್ಧದ ನಡುವೆ, 1943ರಲ್ಲಿ, ಬಾಂಬು ಬಿದ್ದರೆ ಪ್ರಾಣಿಗಳು ತಪ್ಪಿಸಿಕೊಂಡಾವೆಂದು ಟೋಕಿಯೋದ ಉಯೆನೋ ಮೃಗಾಲಯದ ದೊಡ್ಡ ಪ್ರಾಣಿಗಳನ್ನು ಕೊಂದರು. ಮೂರು ಆನೆಗಳಿಗೆ ಮೇವು ನೀರು ನಿಲ್ಲಿಸಿ ಸಾಯಿಸಿದರು. ಯುದ್ಧ ಮುಗಿದ ಮೇಲೆ ಟೋಕಿಯೋದ ಮಕ್ಕಳು ತಮಗೊಂದು ಆನೆ ಬೇಕೆಂದು ನೆಹರೂಗೆ ಪತ್ರ ಬರೆದರು. 1949ರ ಸೆಪ್ಟೆಂಬರಿನಲ್ಲಿ ಮೈಸೂರು ಸೀಮೆಯ ಒಂದು ಹೆಣ್ಣಾನೆ ಹಡಗಿನಲ್ಲಿ ಜಪಾನಿಗೆ ಹೋಯಿತು. ನೆಹರೂ ಅದಕ್ಕೆ ತಮ್ಮ ಮಗಳ ಹೆಸರನ್ನಿಟ್ಟಿದ್ದರು. ಆ ಆನೆಗೆ ತಿಳಿಯುತ್ತಿದ್ದುದು ಕನ್ನಡ ಮಾತ್ರ. ಜೊತೆಗೆ ಹೋದ ಇಬ್ಬರು ಮಾವುತರು ಸುಮಾರು ಎರಡು ತಿಂಗಳು ಅಲ್ಲೇ ಉಳಿದು, ಜಪಾನಿ ಪಾಲಕರಿಗೆ ಕೂರು, ಏಳು, ನಡೆ ಎಂದು ಹೇಳುವುದನ್ನು ಕಲಿಸಿದರು. 1983ರವರೆಗೆ ಇಂದಿರಾ ಬದುಕಿದ್ದಳು. ಅವಳನ್ನು ನೋಡಿ ಬೆಳೆದ ಒಂದು ತಲೆಮಾರಿಗೆ ಭಾರತವೆಂದರೆ ಅವಳೇ ಆಗಿದ್ದಳು.

ಈ ಕಥೆಯನ್ನು ಗೋಣಿಬೀಡಿನಲ್ಲಿ ಎಷ್ಟು ಜನ ಬಲ್ಲರು? ಮೈಸೂರಿನಲ್ಲಾದರೂ ಎಷ್ಟು ಜನ? ಸೋತು ಸುಣ್ಣವಾದ ದೇಶವೊಂದಕ್ಕೆ ಶಾಂತಿಯ ಮಾತನ್ನು ಹೊತ್ತುಹೋದದ್ದು ಕನ್ನಡ ಬಲ್ಲ ಆನೆ ಎಂಬುದನ್ನು ಹಿರೋಶಿಮಾದ ಮೇಡಮ್ಮನವರು ನೆನಪಿಟ್ಟಿದ್ದರು, ಅದೂ ಟೋಕಿಯೋದಿಂದ ನೂರಾರು ಮೈಲಿ ದೂರದಲ್ಲಿ ಕೂತು.

ಇಷ್ಟೆಲ್ಲ ಅವರಿಗೆ ಹೇಗೆ ಗೊತ್ತು ಎಂದು ಕೇಳಿದಾಗ ತಮ್ಮ ತಾಯಿಯ ವಿಷಯ ಹೇಳಿದರು. ತಾಯಿ ಹಿಬಾಕುಶಾ. ಆದರೆ ಬದುಕಿರುವ ತನಕ ಒಂದು ಮಾತೂ ಆಡಲಿಲ್ಲ. ಕಾರಣಗಳಿದ್ದವು. ಯುದ್ಧದ ನಂತರ ದೇಶವನ್ನು ಆಕ್ರಮಿಸಿಕೊಂಡಿದ್ದ ಅಮೆರಿಕನ್ ಆಡಳಿತ ಬಾಂಬಿನ ಪರಿಣಾಮದ ಬರಹಗಳ ಮೇಲೆ ಕತ್ತರಿ ಆಡಿಸುತ್ತಿತ್ತು. ಅದು ಮುಗಿದ ಮೇಲೂ ಸಮಾಜದ ಭಯ ಇತ್ತು. ಹಿಬಾಕುಶಾ ಎಂದು ಗೊತ್ತಾದರೆ ಗಂಡು ಹೆಣ್ಣುಗಳ ಸಂಬಂಧ ಮುರಿಯುತ್ತಿತ್ತು, ಹುಟ್ಟುವ ಮಕ್ಕಳಿಗೆ ಏನಾದೀತೋ ಎಂದು. ಮಗಳ ಮದುವೆ ಕೆಡಬಾರದೆಂದು ಆ ತಾಯಿ ಸುಮ್ಮನಿದ್ದರು. “ಕೇಳಬೇಕಿತ್ತು ಅಂತ ನನಗೆ ಅನ್ನಿಸುವ ಹೊತ್ತಿಗೆ ಅಮ್ಮ ಇರಲಿಲ್ಲ. ಅದಕ್ಕೇ ಬೇರೆಯವರ ತಾಯಿಯ ಮಾತನ್ನು ಕಲಿಯೋಣ ಅಂತ ಸೇರಿಕೊಂಡೆ” ಎಂದರು.

ಅವರು ಸೇರಿಕೊಂಡದ್ದು ನಗರ 2012ರಲ್ಲಿ ಶುರುಮಾಡಿದ ಯೋಜನೆಗೆ. ಹಿಬಾಕುಶಾ ಒಬ್ಬರ ಅನುಭವವನ್ನು, ಅದಕ್ಕೆ ಸಂಬಂಧವಿಲ್ಲದ ಇನ್ನೊಬ್ಬರು ಕಲಿತು ಮುಂದಕ್ಕೆ ಹೇಳುವ ವ್ಯವಸ್ಥೆ. ಕಲಿಯಲು ಸುಮಾರು ಎರಡು ವರ್ಷ ಹಿಡಿಯುತ್ತದೆ. ಮೊದಲು ಬಾಂಬಿನ ಇತಿಹಾಸ, ವಿಜ್ಞಾನ, ವೈದ್ಯಕೀಯ ಸಂಗತಿಗಳ ಪಾಠ. ಆಮೇಲೆ ಒಬ್ಬ ಹಿರಿಯರ ಜೊತೆ ಕೂತು ಮತ್ತೆ ಮತ್ತೆ ಕೇಳುವುದು, ಅವರು ನಡೆದ ಬೀದಿಗಳಲ್ಲಿ ನಡೆಯುವುದು, ಕೇಳಿದ್ದನ್ನು ಬರೆಯುವುದು. ಬರೆದದ್ದನ್ನು ಆ ಹಿರಿಯರು ಓದಿ ಒಪ್ಪಬೇಕು. ತನ್ನ ಕಡೆಯಿಂದ ಬಣ್ಣ ಹಚ್ಚುವಂತಿಲ್ಲ. 2015ರಿಂದ ಹೀಗೆ ಕಲಿತವರು ವಸ್ತುಸಂಗ್ರಹಾಲಯದಲ್ಲಿ ಜನರ ಎದುರು ಮಾತಾಡುತ್ತಿದ್ದಾರೆ. 2022ರಲ್ಲಿ ಮಕ್ಕಳು, ಮೊಮ್ಮಕ್ಕಳು ಮನೆಯವರ ಕಥೆಯನ್ನು ಕಲಿಯುವುದಕ್ಕೂ ಏರ್ಪಾಡಾಯಿತು. 2024ರ ನೊಬೆಲ್ ಶಾಂತಿ ಪ್ರಶಸ್ತಿ ಹಿಬಾಕುಶಾಗಳ ಸಂಘಟನೆ ನಿಹೊನ್ ಹಿಡಾಂಕ್ಯೊಗೆ ಸಂದದ್ದೂ ಅವರು ದಶಕಗಳ ಕಾಲ ಬಿಡದೆ ಸಾಕ್ಷಿ ಹೇಳಿದ್ದಕ್ಕೇ.

ವಸ್ತುಸಂಗ್ರಹಾಲಯದ ಒಳಗಿನದನ್ನು ಹೆಚ್ಚು ಬರೆಯಲಾರೆ. ಮೂರು ಚಕ್ರದ ಒಂದು ಪುಟ್ಟ ಸೈಕಲ್ ಇದೆ. ನಾಲ್ಕು ವರ್ಷವೂ ತುಂಬದ ತೆತ್ಸುತಾನಿ ಶಿನಿಚಿ ಅದನ್ನು ತುಳಿಯುತ್ತಿದ್ದಾಗ ಬಾಂಬು ಸಿಡಿಯಿತು. ಅವನಿಗೆ ಪ್ರಿಯವಾದ ಸೈಕಲ್ಲನ್ನು ತಂದೆ ಅವನ ಜೊತೆಯಲ್ಲೇ ಮಣ್ಣುಮಾಡಿದರು. ನಲವತ್ತು ವರ್ಷದ ನಂತರ, 1985ರಲ್ಲಿ, ಮಗನ ಅಸ್ಥಿಯನ್ನು ಕುಟುಂಬದ ಸಮಾಧಿಗೆ ಸೇರಿಸಲು ತೆಗೆದಾಗ ಸೈಕಲ್ಲನ್ನು ಸಂಗ್ರಹಾಲಯಕ್ಕೆ ಕೊಟ್ಟರು.

ಊರಿಗೆ ಮರಳಿದ ಮೇಲೆ ನನ್ನನ್ನು ಕಾಡುತ್ತಿರುವುದು ನಮ್ಮ ಕಲ್ಲುಗಳು. ಮೂಡಿಗೆರೆ ಸೀಮೆಯಲ್ಲಿ ವೀರಗಲ್ಲು, ಮಾಸ್ತಿಕಲ್ಲುಗಳಿಗೆ ಕೊರತೆಯಿಲ್ಲ. ಬನದ ಅಂಚಿನಲ್ಲಿ, ಗದ್ದೆಯ ಬದುವಿನಲ್ಲಿ, ಕಾಫಿ ಗಿಡಗಳ ನಡುವೆ ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದೆದುರು ಕೂತ ವೀರ. ದನ ಹೊಡೆದುಕೊಂಡು ಹೋಗುವವರನ್ನು ತಡೆಯಲು ಹೋಗಿ ಸತ್ತವನು, ಹುಲಿಯ ಬಾಯಿಗೆ ಸಿಕ್ಕವನು, ಊರು ಕಾಯಲು ನಿಂತವನು. ರಾಜನಲ್ಲ, ನಮ್ಮಂಥ ಊರಿನವನೇ. ಬಿ.ಎಲ್. ರೈಸ್ 1901ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೇ ಸಂಪುಟದಲ್ಲಿ ಆಗಿನ ಕಡೂರು ಜಿಲ್ಲೆಯ ಶಾಸನಗಳೆಲ್ಲ ಅಚ್ಚಾಗಿವೆ, ಮೂಡಿಗೆರೆಯವೂ ಸೇರಿ. ಓದಿಟ್ಟವರು ಇದ್ದಾರೆ. ಊರಿನಲ್ಲಿ ನಿಂತು ಹೇಳುವವರು ಇಲ್ಲ.

ಹೇಳುವವರಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ಪಕ್ಕದ ಅಂಗಡಿ ಎಂಬ ಊರೇ ಸಾಕ್ಷಿ. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಅದು. ವಾಸಂತಿಕಾ ದೇವಿಯ ಗುಡಿಯ ಬಳಿ ಸಳ ಹುಲಿಯನ್ನು ಎದುರಿಸಿದ ಕಥೆ ಶಾಲೆಯ ಮಗುವಿಗೂ ಬರುತ್ತದೆ, ಏಕೆಂದರೆ ಯಾರೋ ಅದನ್ನು ತಲೆಮಾರಿನಿಂದ ತಲೆಮಾರಿಗೆ ಹೇಳುತ್ತ ಬಂದರು. ಅದೇ ಸೀಮೆಯ ಎಷ್ಟೋ ವೀರಗಲ್ಲುಗಳಲ್ಲಿರುವವರು ಯಾರೆಂದು ಕೇಳಿದರೆ “ಏನೋ ದೇವ್ರು ಕಲ್ಲು” ಎಂಬ ಉತ್ತರ ಬರುತ್ತದೆ. ಕಲ್ಲಿನ ಮೇಲೆ ಪಾಚಿ ಕಟ್ಟಿದರೆ ಉಜ್ಜಿ ತೊಳೆಯಬಹುದು. ಎಂಬತ್ತು ದಾಟಿದ ಅಜ್ಜಿಯೊಬ್ಬರು ತಮ್ಮ ಅತ್ತೆಯಿಂದ ಕೇಳಿದ ಮಾತು ಅವರೊಡನೆ ಹೋದರೆ ಅದನ್ನು ತರಲು ದಾರಿಯಿಲ್ಲ.

ಜಪಾನಿಗೆ ಹೋಗುವ ಕನ್ನಡಿಗರು ಈಗ ಬಹಳ. ಟೋಕಿಯೋ, ಕ್ಯೋಟೋ, ಫ್ಯೂಜಿ ನೋಡಿ ಬರುವವರು ಹಿರೋಶಿಮಾಕ್ಕೆ ಒಂದು ಪೂರ್ತಿ ದಿನ ಇಡಿ. ಸಂಗ್ರಹಾಲಯದ ಪ್ರವೇಶ ದೊಡ್ಡವರಿಗೆ 200 ಯೆನ್. ಮೊದಲೇ ತಿಳಿಸಿ ಸ್ಥಳೀಯ ಗೈಡ್ ಒಬ್ಬರನ್ನು ಗೊತ್ತುಮಾಡಿಕೊಳ್ಳಿ, ಅವರ ಜೊತೆ ಅವಸರ ಮಾಡಬೇಡಿ. ಇನ್ನು ಗೋಣಿಬೀಡು, ಬಣಕಲ್, ಕಳಸದ ಕಡೆಯ ಶಾಲೆಗಳ ಮೇಷ್ಟ್ರು, ಮೇಡಂಗಳಲ್ಲಿ ನನ್ನದೊಂದು ವಿನಂತಿ: ಈ ವರ್ಷ ನಿಮ್ಮ ಮಕ್ಕಳಿಗೆ ಒಂದು ಕೆಲಸ ಕೊಡಿ. ಊರಿನ ಒಂದು ಕಲ್ಲು, ಊರಿನ ಒಬ್ಬ ಹಿರಿಯರು. ಮಕ್ಕಳು ಅವರನ್ನು ಕೇಳಲಿ, ಕೇಳಿದ್ದನ್ನು ಬರೆಯಲಿ, ಬರೆದದ್ದನ್ನು ಅವರಿಗೇ ಓದಿ ಹೇಳಿ ಒಪ್ಪಿಗೆ ಪಡೆಯಲಿ. ಒಂದು ಪ್ರತಿಯನ್ನು ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಇಡಿ. ಮಳೆ ಶುರುವಾಗುವ ಮೊದಲೇ ಮಾಡಿ, ಹಿರಿಯರು ಮಳೆಗಾಲದಲ್ಲಿ ಹೊರಗೆ ಬರುವುದಿಲ್ಲ.